ಮೊದಲ ಕೊಡಕ್ಕಿಂತ ಮೊದಲು

ಆತ ತೀರಿಕೊಂಡ ಸುದ್ದಿ ನನಗೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಹೇಳಿದವನು ಮುದಗಲ್ಲಿನ ಬಳೆಗಾರ.

"ಆಯೀ, ನಿಮ್ಮೂರ ಬಾವಿ ಅಳ್ಯಾಕ ಬರ್ತಿದ್ರಲ್ಲ ನೀರಿನ ಸಾಹೇಬ್ರು, ಹ್ವಾದ ಶುಕ್ರವಾರ ಹೋಗಿಬಿಟ್ರು" ಎಂದ.

ನಾನು ಅಳಲಿಲ್ಲ. ವಯಸ್ಸಾಗಿತ್ತು, ರೋಗ ಇತ್ತು, ಹೋದ. ಮೆಣಸಿನಕಾಯಿ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತೆ. ಆಗ ಮನಸ್ಸಿಗೆ ಬಂದದ್ದು ಸಂಕಟವಲ್ಲ, ಸಮಾಧಾನ. ಆತನಿಗೆ ನಾನು ಹೇಳಬೇಕಾದ ಮಾತು ಎರಡಿದ್ದವು. ಎರಡನ್ನೂ ಆತನ ಕಿವಿ ಕೇಳುತ್ತಿದ್ದಾಗಲೇ ಹೇಳಿಬಿಟ್ಟಿದ್ದೆ. ಒಂದನ್ನು ಹೊಟ್ಟೆಯಲ್ಲಿ ಉಳಿಸಿಕೊಂಡಿದ್ದರೂ ಅವತ್ತು ಆ ಕಟ್ಟೆಯಿಂದ ಏಳಲು ನನಗೆ ಆಗುತ್ತಿರಲಿಲ್ಲ.

ಆತನ ಹೆಸರು ಬರೆಯುವುದಿಲ್ಲ. ನಮ್ಮೂರಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ, ನೀರಿನ ಸಾಹೇಬ ಎಂದರೆ ಮುಗಿಯಿತು. ಲಿಂಗಸುಗೂರಿನ ಕಚೇರಿಯಲ್ಲಿ ಕೆಲಸ, ಮುದಗಲ್ಲಿನಲ್ಲಿ ಮನೆ. ಸಣ್ಣ ಆಳು. ಪ್ಯಾಂಟು ಮೊಣಕಾಲಿನ ತನಕ ಮಡಚಿ, ತಲೆಗೆ ಕರವಸ್ತ್ರ ಕಟ್ಟಿಕೊಂಡು, ಬಾವಿ ಕಂಡಲ್ಲೆಲ್ಲ ಅರ್ಧ ಮೈ ಒಳಗೆ ಬಗ್ಗಿಸಿ ನೋಡುತ್ತಿದ್ದ. ಮೊದಲ ಸಲ ಹಾಗೆ ಬಗ್ಗಿದ್ದನ್ನು ಕಂಡು, ಬೀಳಲು ಬಂದವನೇ ಇರಬೇಕೆಂದು ನಾನು ಹಿಂದಿನಿಂದ ಅಂಗಿ ಹಿಡಿದು ಎಳೆದೆ. ಗುಂಡಿ ಕಿತ್ತು ನೀರಿಗೆ ಬಿತ್ತು.

"ಸಾಯಾಕ ನಮ್ಮ ಬಾವೀನ ಸಿಕ್ತೇನು ನಿನಗ? ಕುಡಿಯೂ ನೀರೈತಿ ಅದು!"

"ಸಾಯಾಕಲ್ಲ ಯವ್ವಾ, ಅಳ್ಯಾಕ ಬಂದೀನಿ" ಎಂದು ಆತ ಅಂಗಿ ಸರಿಮಾಡಿಕೊಂಡ. ಸಿಟ್ಟು ಬರಲಿಲ್ಲ. "ಎಷ್ಟ ಆಳ ಐತಿ ಇದು?"

"ಎಂಟಾಳು."

"ಅಳದಿಯೇನು?"

"ನಮ್ಮತ್ತಿ ಹೇಳ್ಯಾಳ."

"ನಿಮ್ಮತ್ತಿ ಅಳದಿದ್ದಳೇನು?"

ಆ ಮಾತು ಆತನ ಬಾಯಲ್ಲಿ ಎಲೆಯಡಿಕೆ ಇದ್ದಂತೆ. ಬಿಸಿಲು ಭಾಳ ಎಂದರೂ ಅಳದಿಯೇನು, ಕಾಲುನೋವು ಹೆಚ್ಚಾಗಿದೆ ಎಂದರೂ ಅಳದಿಯೇನು. ಪಕ್ಕದ ಮನೆಯ ಹುಲಿಗೆಮ್ಮನಷ್ಟು ಜಗಳಗಂಟಿ ಸಿಂಧನೂರು ತಾಲ್ಲೂಕಿನಲ್ಲೇ ಇಲ್ಲ ಎಂದು ಒಮ್ಮೆ ಹೇಳಿದೆ. ಅದಕ್ಕೂ ಅದೇ ಕೇಳಿದ. ಅಳೆದರೆ ಮೊದಲು ಯಾರು ಬರುತ್ತಾರೋ ಎಂದು ನನ್ನ ಮುಖ ನೋಡಿ ನಕ್ಕ. ಅಂಥ ಕುಹಕವೂ ಇತ್ತು.

ನಮ್ಮೂರು ಮಸ್ಕಿಯಿಂದ ಸಿಂಧನೂರಿನ ಕಡೆಗಿದೆ. ಕೆಳಗೆ ಕಾಲುವೆ, ಕಾಲುವೆಗುಂಟ ಭತ್ತ. ನೀರು ನಿಂತು ನಿಂತು ಅಲ್ಲಿಯ ನೆಲ ಸವಳಾಗಿ ಬೆಳ್ಳಗೆ ಹೊಳೆಯುತ್ತದೆ. ಊರಲ್ಲಿ ಕೊರೆದ ಬೋರುಗಳೆಲ್ಲ ಉಪ್ಪು. ಬಾಯಿಗೆ ಹಾಕುವಂಥ ನೀರಿರುವುದು ಈ ಒಂದು ಬಾವಿಯಲ್ಲಿ. ಅದರ ಮೂಡಲಿಗೆ ನೆಲದಿಂದ ಎದ್ದ ಕರಿಕಲ್ಲಿನ ಒಂದು ಸಾಲು, ಗೋಡೆ ಕಟ್ಟಿದ ಹಾಗೆ. ಸಾಲಿನ ಆಚೆ ಹಳೆಯ ಕೆರೆ. ಅಮಾಸೆಯ ದಿನ ನಾವು ಆ ಬಾವಿಗೆ ಹಗ್ಗ ಇಳಿಸುವುದಿಲ್ಲ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲವಲ್ಲ, ಹಾಗೆ ಬಾವಿಗೂ ಒಂದು ದಿನ ಸೂಟಿ. ಹಿಂದಿನ ದಿನವೇ ಎರಡು ಕೊಡ ಹೆಚ್ಚು ತುಂಬಿಟ್ಟುಕೊಳ್ಳುತ್ತೇವೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಮ್ಮತ್ತೆಯನ್ನು ಕೇಳಿದ್ದರೆ ಅವರತ್ತೆ ಎನ್ನುತ್ತಿದ್ದಳು.

ಆತ ಬರಲು ಕಾರಣವಿತ್ತು. ಸುತ್ತಲಿನ ಐದೂರಿಗೆ ನಳದ ನೀರು ಕೊಡಲು ಮೂರು ದೊಡ್ಡ ಬೋರು ಹಾಕುವುದೆಂದು ಆಗಿತ್ತು. ಜಾಗ ನೋಡಿದ್ದು ನಮ್ಮ ಬಾವಿಯ ಪಕ್ಕದ, ದನ ಮೇಯುವ ಗೈರಾಣದಲ್ಲಿ. ನೀರು ಸಿಹಿ, ರಸ್ತೆ ಹತ್ತಿರ, ಪೈಪು ಕಡಿಮೆ. ಆ ಐದೂರಿನವರಿಗೂ ಬಾಯಿ ಇದೆ, ಅವರನ್ನು ನಾನು ಬೈಯುವುದಿಲ್ಲ. ಆದರೆ ಬೋರು ಎಳೆದರೆ ಬಾವಿ ಉಳಿಯುತ್ತದೆಯೇ ಎನ್ನುವುದು ನಮ್ಮ ಚಿಂತೆ. ಅದನ್ನು ನೋಡಿ ಹೇಳುವುದೇ ಆತನ ಕೆಲಸ. ನೆಲದೊಳಗಿನ ನೀರನ್ನು ಕಂಪ್ಯೂಟರಿನಲ್ಲಿ ಒಂದು ಚಿತ್ರದ ಹಾಗೆ ಕಟ್ಟುವುದು, ಬೋರು ಹಾಕುವ ಮೊದಲೇ ಅದರಲ್ಲಿ ಹಾಕಿದಂತೆ ಮಾಡುವುದು, ನೀರು ಎಲ್ಲಿಗೆ ಇಳಿಯುತ್ತದೆ ಎಂದು ನೋಡುವುದು. ಮಾಡೆಲ್ಲು ಎನ್ನುತ್ತಿದ್ದ.

ಆ ಕಂಪ್ಯೂಟರನ್ನು ಧೂಳಿಗೆ ಹೆದರಿ ಟವೆಲ್ಲಿನಲ್ಲಿ ಸುತ್ತಿಕೊಂಡು ತರುತ್ತಿದ್ದ, ಬಾಣಂತಿ ಕೂಸನ್ನು ತಂದ ಹಾಗೆ. ನಮ್ಮ ಹೊಸ್ತಿಲ ಮೇಲೆ ಕುಳಿತು ಅದಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದ. ಜ್ವರ ಬಂದೈತೇನು ಎಂದು ನಾನು ಕೇಳುವುದು, ಹೌದಬೇ ಯವ್ವಾ ಕುದಿಯಾಕತ್ತೈತಿ ಎಂದು ಆತ ಅನ್ನುವುದು. ಹೊರಸು ಹಾಕಿದರೆ ಅದರ ಮೇಲೆ ಕೂರುತ್ತಿರಲಿಲ್ಲ. ರೊಟ್ಟಿ ಕೊಟ್ಟರೆ ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ ಸಾಕು. ಚಹಾ ತಟ್ಟೆಗೆ ಸುರಿದು ಊದಿ ಕುಡಿಯುತ್ತಿದ್ದ. ಹೋಗುವಾಗ ಚಪ್ಪಲಿ ಬಾವಿಯ ಹತ್ತಿರ ಮರೆತು ಬರಿಗಾಲಲ್ಲಿ ಬಸ್ ಹತ್ತಿದ್ದು ಎರಡು ಸಲ.

ದಿನಾ ಅಳೆಯುವ ಕೆಲಸವನ್ನು ಆತ ನನಗೆ ಕೊಟ್ಟ. ಅಕ್ಷರ ಕಲಿಸುವ ತರಗತಿ ನಮ್ಮೂರಿಗೆ ಬಂದಿದ್ದ ಕಾಲದಲ್ಲಿ ನಾನೂ ಕೂತಿದ್ದೆ. ಅಕ್ಷರ ಅರ್ಧ ಮರೆತಿತ್ತು, ಅಂಕಿ ಮರೆತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟ. ಉಕ್ಕಿನ ಟೇಪಿನ ತುದಿಗೆ ಶಾಲೆಯಲ್ಲಿ ಹಲಗೆಗೆ ಬರೆಯುವ ಖಡು ಉಜ್ಜಬೇಕು, ಚುಕ್ಕೆಯ ಹತ್ತಿರ ಹಿಡಿದು ಇಳಿಸಬೇಕು, ಎಳೆದ ಮೇಲೆ ಖಡು ಎಲ್ಲಿಯ ತನಕ ತೋಯ್ದಿದೆ ಎಂದು ನೋಡಿ ಕಳೆದು ಬರೆಯಬೇಕು. ಬರೆಯುವುದಕ್ಕೆ ಒಂದು ಪುಸ್ತಕ. ತಾರೀಖು, ಹೊತ್ತು, ಅಳತೆ ಎಂದು ಮೂರು ಗೆರೆ.

"ಒಂದ ಮಾತು ಯವ್ವಾ. ಮೊದಲ ಕೊಡ ಇಳಿಯೂದಕ್ಕಿಂತ ಮೊದಲ ಅಳೀಬೇಕು. ರಾತ್ರಿಯೆಲ್ಲಾ ನೀರು ಸುಮ್ನ ಕುಂತಿರತೈತಿ, ಅದ ಖರೇ ಮಟ್ಟ. ನೀವು ಸೇದಾಕ ಹತ್ತಿದ ಮ್ಯಾಲ ಅಳದ್ರ ಅದು ಬಾವಿ ಮಟ್ಟ ಅಲ್ಲ, ನಿಮ್ಮ ಕೊಡದ ಮಟ್ಟ."

ಆಗಲಿ ಎಂದೆ.

ಆ ಕೆಲಸ ತನ್ನ ಸೊಸೆಗೆ ಸಿಗಲಿ ಎಂದು ಹುಲಿಗೆಮ್ಮನಿಗೆ ಆಸೆ ಇತ್ತು. ಸಿಗಲಿಲ್ಲ. ಮರುದಿನ ನಸುಕಿಗೆ ನಾನು ಟೇಪು ಹಿಡಿದು ಹೋದರೆ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದರು.

"ಸರೀರಬೇ ಸರೀರಿ, ಆಫೀಸರ ಬಂದಳ!" ಎಂದಳು ಹುಲಿಗೆಮ್ಮ. "ಮೊದಲ ಆಕಿ ಟೇಪು, ಆಮ್ಯಾಲ ನಮ್ಮ ಹಗ್ಗ. ಬಾವಿ ಆಕಿ ತವರಿನಾಗಿಂದ ತಂದದ್ದಲ್ಲೇನು!"

"ತವರಿನಾಗಿಂದ ನಾ ಬಾವಿನರ ತಂದೀನಿ. ನೀ ತಂದದ್ದು ಬರೇ ಬಾಯಿ" ಎಂದೆ. ಇನ್ನೂ ಅಂದೆ, ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಎಂಟು ಹತ್ತು ದಿನ ಹೀಗೇ ನಡೆಯಿತು. ಕೈ ಕೂಡುವ ತನಕದ ಆ ಅಳತೆ ಲೆಕ್ಕಕ್ಕಿಲ್ಲ ಎಂದು ಆತ ಮೊದಲೇ ಹೇಳಿದ್ದ. ನನಗೆ ಬಾಯಿ ಇದೆ, ಆದರೆ ನಸುಕಿನಲ್ಲಿ ದಿನಾ ಅದನ್ನು ಬಿಚ್ಚುವುದು ಬೇಸರ. ಹೆಂಗಸರು ಖಿಸಿಖಿಸಿ ನಗುವುದು ಬೇರೆ. ಕಡೆಗೆ ನಾನು ಒಂದು ಹಾದಿ ಹಿಡಿದೆ. ಮನೆಯಲ್ಲಿ ರೊಟ್ಟಿ ಬಡಿದು ಮುಗಿಸಿ, ಬಾವಿಯ ಹತ್ತಿರ ಯಾರೂ ಇಲ್ಲದಾಗ ಹೋಗಿ ಅಳೆದುಕೊಂಡು ಬರುವುದು. ಅಷ್ಟೊತ್ತಿಗೆ ಊರಿನ ಕೊಡಗಳೆಲ್ಲ ಇಳಿದು ಎದ್ದಿರುತ್ತಿದ್ದವು. ಪುಸ್ತಕದ ಹೊತ್ತಿನ ಗೆರೆಯಲ್ಲಿ ಮಾತ್ರ ದಿನಾ ಐದೂವರೆ ಎಂದೇ ಬರೆದೆ. ಮಂಡಿನೋವಿತ್ತು ಎಂದು ಈಗ ಹೇಳಬಹುದು. ಅದಲ್ಲ. ಹುಲಿಗೆಮ್ಮನ ಮಾತು ಕೇಳಲಾರದೆ ತಪ್ಪಿಸಿಕೊಂಡೆ, ಅದನ್ನು ಒಪ್ಪಿಕೊಳ್ಳಲಾರದೆ ಸುಳ್ಳು ಬರೆದೆ. ಒಂದು ಮೊಳ ನೀರು ಅತ್ತಿತ್ತ ಆದರೆ ಭೂಮಿ ಮುಳುಗುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಮುಳುಗಲೂ ಇಲ್ಲ, ಒಂದು ವರ್ಷ ಯಾರಿಗೂ ಗೊತ್ತಾಗಲೂ ಇಲ್ಲ. ಅದಕ್ಕೆ ಕಾರಣ ಆತನ ಚೌಕಗಳು.

ಆತನಿಗೆ ಎಲ್ಲಿ ಕಂಡಲ್ಲಿ ಚೌಕ ಬರೆಯುವ ಚಟ. ನೆಲದ ಮೇಲೆ, ಅಂಗೈ ಮೇಲೆ, ಬಸ್ಸಿನ ಚೀಟಿಯ ಹಿಂದೆ. ಒಂದು ದಿನ ನಾನು ರೊಟ್ಟಿ ಬಡಿಯಲು ಪರಾತದಲ್ಲಿ ಜೋಳದ ಹಿಟ್ಟು ಹರವಿದ್ದೆ. ಆತ ಬಂದವನೇ ಬೆರಳಿನಿಂದ ಅದರಲ್ಲಿ ಗೆರೆ ಎಳೆದ.

"ಹಿಟ್ಟಿನ್ಯಾಗ ಕೈ ಹಾಕಬ್ಯಾಡ್ರಿ ಸಾಹೇಬ್ರ!"

"ನೋಡ ಯವ್ವಾ, ಇದು ನಿಮ್ಮ ಸೀಮಿ. ಕಂಪ್ಯೂಟರಿಗೆ ಇಡೀ ನೆಲ ಒಮ್ಮಿಗೆ ತಿಳ್ಯಾಂಗಿಲ್ಲ. ಅದಕ್ಕ ಹಿಂಗ ಚೌಕ ಚೌಕ ಕತ್ತರಸ್ತೀವಿ. ಒಂದೊಂದು ಚೌಕಕ್ಕ ನೀರಿನ ಮಟ್ಟ ಒಂದ. ಈ ಚೌಕದಾಗಿಂದ ಆ ಚೌಕಕ್ಕ ಎಷ್ಟ ನೀರು ಹೋಕ್ಕೈತಿ ಅಂತ ಅದು ತಗೀತೈತಿ."

"ಒಂದ ಚೌಕ ಎಷ್ಟ ದೊಡ್ಡದು?"

"ಅರ್ಧ ಕಿಲೋಮೀಟರು."

ನಾನು ಹಿಟ್ಟನ್ನು ನೋಡಿದೆ. "ಅಂದ್ರ ನಮ್ಮ ಬಾವಿ, ಕರಿಕಲ್ಲಿನ ಸಾಲು, ಆಚಿ ಕಡೆ ಕೆರಿ ತಗ್ಗು, ಎಲ್ಲಾ ಒಂದ ಚೌಕದಾಗ ಬಂತು. ಬಾವ್ಯಾಗ ನೀರು ಒಂದ ಕಡೆ ಐತಿ, ಕೆರ್ಯಾಗ ಒಂದ ಕಡೆ ಐತಿ. ನಡಕ ಗ್ವಾಡಿ ಐತಿ. ಎಲ್ಲಾದಕ್ಕೂ ಒಂದ ಮಟ್ಟ ಹೆಂಗ ಆಕ್ಕೈತಿ? ಮಾವಗ ಸೊಸಿಗೆ ಒಂದ ಅಳತಿ ಅಂಗಿ ಹೊಲದಂಗ ಆತು."

ಆತ ತಲೆ ತೂಗಿದ. ಇದು ಆತನಿಗೆ ಹೊಸದಲ್ಲ, ಮೊದಲೇ ಗೊತ್ತಿತ್ತಂತೆ. ಇಡೀ ತಾಲ್ಲೂಕಿಗೆ ಆ ದೊಡ್ಡ ಚೌಕ ಸಾಕು, ಒಂದು ಬಾವಿ ಬದುಕುತ್ತದೋ ಸಾಯುತ್ತದೋ ಎಂದು ಕೇಳಿದರೆ ಸಾಲದು ಎಂದ. ಎಲ್ಲವನ್ನೂ ಸಣ್ಣದು ಮಾಡಿದರೆ ಟವೆಲ್ಲಿನ ಕೂಸು ಸಾಯುತ್ತದೆ. ಅದಕ್ಕೆ ನಮ್ಮ ಬಾವಿಯ ಸುತ್ತ ಮಾತ್ರ ಸಣ್ಣ ಚೌಕ ಮಾಡಿ, ಉಳಿದದ್ದನ್ನು ದೊಡ್ಡದಾಗಿಯೇ ಬಿಡುವುದೆಂದು ಹೊರಟಿದ್ದ.

ನಾನು ಒಳಗಿನಿಂದ ಕೌದಿ ತಂದು ಹಾಸಿದೆ. ಕೌದಿ ಹೊಲಿಯುವುದು ನನ್ನ ಕೈಕೆಲಸ. ಹಿಮ್ಮಡಿ ಉಜ್ಜಿ ಸವೆಯುವ ಜಾಗಕ್ಕೆ ಸಣ್ಣ ತುಂಡು, ಒತ್ತೊತ್ತು ಹೊಲಿಗೆ. ಅಂಚಿನ ಕಡೆ ಹಳೆಯ ಸೀರೆಯ ದೊಡ್ಡ ತುಂಡು, ದೂರದೂರ ಹೊಲಿಗೆ. ಇಡೀ ಕೌದಿಗೆ ಒತ್ತು ಹೊಲಿಗೆ ಹಾಕುತ್ತಾ ಕುಳಿತರೆ ಮೊಮ್ಮಗನ ಮದುವೆಗೆ ಮುಗಿದೀತು. ಆತ ಅದರ ಮೇಲೆ ಬಹಳ ಹೊತ್ತು ಬೆರಳಾಡಿಸಿದ.

"ದೊಡ್ಡ ತುಂಡಿಗೆ ಸಣ್ಣ ತುಂಡು ಕೂಡೂ ಜಾಗದಾಗ ಏನ ಮಾಡ್ತಿ?"

"ನಡಬರಕ ನಡುತರದ ತುಂಡು ಹಾಕ್ತೀನಿ. ಒಮ್ಮಿಗೇ ಹಚ್ಚಿದ್ರ ಉಬ್ಬತೈತಿ."

"ನಂದೂ ಅಲ್ಲೇ ಉಬ್ಬತೈತಿ" ಎಂದ. ದೊಡ್ಡ ಚೌಕದ ಒಂದು ಬದಿಯಿಂದ ಹೊರಟ ನೀರು, ಆಚೆಯ ನಾಲ್ಕು ಸಣ್ಣ ಚೌಕಗಳಿಗೆ ಅಷ್ಟಕ್ಕಷ್ಟೇ ಸೇರಬೇಕಂತೆ. ಹೊಲಿಗೆಯಲ್ಲಿ ಒಂದು ತೊಟ್ಟು ಕಳೆದರೂ ಎಲ್ಲ ಸುಳ್ಳು. ಆತ ಕೌದಿಯ ಹೊಲಿಗೆ ಎಣಿಸುತ್ತಿದ್ದ. ನಾನು ಹಿಟ್ಟನ್ನು ಮತ್ತೆ ಸಾಣಿಸಿದೆ.

ಸಣ್ಣ ಚೌಕ ಆದ ಮೇಲೆ ನನ್ನ ಕಷ್ಟ ಶುರುವಾಯಿತು. ಅಲ್ಲಿಯ ತನಕ ನಮ್ಮ ಬಾವಿ ಒಂದು ದೊಡ್ಡ ಚೌಕದಲ್ಲಿ ಎಲ್ಲರ ಜೊತೆ ಮಲಗಿತ್ತು. ನಾನು ಬರೆದ ಒಂದು ಮೊಳದ ಸುಳ್ಳು ಅಷ್ಟು ದೊಡ್ಡ ಚೌಕದಲ್ಲಿ ಕಾಣುತ್ತಿರಲಿಲ್ಲ. ಈಗ ಬಾವಿಗೆ ತನ್ನದೇ ಒಂದು ಪುಟ್ಟ ಚೌಕ ಬಂತು. ಬಂದ ತಕ್ಷಣ ಎರಡು ಮಾತು ಕೂಡಲಿಲ್ಲ. ನೀರು ಇಲ್ಲಿರಬೇಕು ಎಂದು ಕಂಪ್ಯೂಟರು ಹೇಳುವುದು, ಅದಕ್ಕಿಂತ ಒಂದು ಮೊಳ ಕೆಳಗಿದೆ ಎಂದು ನನ್ನ ಪುಸ್ತಕ ಹೇಳುವುದು.

ಆತ ಹೊಸ್ತಿಲ ಮೇಲೆ ಕುಳಿತು ಕಂಪ್ಯೂಟರಿನಲ್ಲಿ ಚೌಕಗಳ ಹೊಲಿಗೆ ಬಿಚ್ಚಿದ. ಮತ್ತೆ ಹೊಲಿದ. ಮತ್ತೆ ಬಿಚ್ಚಿದ. ವಾರಕ್ಕೆ ಎರಡು ಸಲ ಬಂದು ಇದೇ ಕೆಲಸ. ಕಣ್ಣು ಕೆಂಪಾಗಿರುತ್ತಿದ್ದವು, ಚಹಾ ತಟ್ಟೆಯಲ್ಲೇ ಆರುತ್ತಿತ್ತು.

"ಎಲ್ಲೋ ನಾನ ತಪ್ಪೀನಿ ಯವ್ವಾ. ಸಣ್ಣ ಚೌಕ ಕೂಡಿಸೂದ್ರಾಗ ಎಲ್ಲೋ ನೀರು ಸೋರಾಕತ್ತೈತಿ."

"ಪುಸ್ತಕ ತಪ್ಪಿರಬಹುದಲ್ಲ?" ಎಂದೆ.

"ಅಳದದ್ದು ಹೆಂಗ ತಪ್ಪತೈತಿ? ನೀ ಅಳದಿ" ಎಂದುಬಿಟ್ಟ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈತ ನಂಬಿಬಿಟ್ಟ. ಆದರೂ ಹೇಳಲಿಲ್ಲ. ಊರಿಗೆಲ್ಲ ಖರೇ ಮಾತು ಹೇಳುವಾಕಿ ಎಂದು ಹೆಸರು ಮಾಡಿದವಳು ನಾನು. ಪುಸ್ತಕದ ಒಂದು ವರ್ಷದ ಸುಳ್ಳನ್ನು ಯಾವ ಬಾಯಿಂದ ಹೇಳುವುದು? ಹುಲಿಗೆಮ್ಮನಿಗೆ ಗೊತ್ತಾದರೆ ಸಾಯುವ ತನಕ ಆಡುತ್ತಾಳೆ.

ಆಮೇಲೆ ಒಂದು ದಿನ ಆತ ಕಂಪ್ಯೂಟರು ತರಲಿಲ್ಲ. ಬರೀ ಪುಸ್ತಕದ ನಕಲು, ಕೆಂಪು ಪೆನ್ಸಿಲ್. ಕಚೇರಿಯಲ್ಲಿ ಉಳಿದವರು ಬೇರೆ ಮಾತು ಹೇಳಿದ್ದರಂತೆ. ಹೊಲಿಗೆ ಸರಿಯೇ ಇದೆ, ಬಾವಿಯೇ ಸಾಯುತ್ತಿದೆ, ತಳದಲ್ಲಿ ನೀರು ಎಲ್ಲಿಗೋ ಇಳಿದು ಹೋಗುತ್ತಿದೆ, ಅದಕ್ಕೇ ಅಳತೆ ಕೆಳಗಿದೆ ಎಂದು. ಜೀವ ಇರುವ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ ಬೋರು ಹಾಕಲು ಅಡ್ಡಿ ಬರುತ್ತದೆ. ಸಾಯುವ ಬಾವಿಗೆ ಅಡ್ಡಿ ಏನು? ಮುಂದಿನ ವಾರ ಲಿಂಗಸುಗೂರಿನಲ್ಲಿ ಸಭೆ. ಅಲ್ಲಿ ನಮ್ಮ ಬಾವಿಯ ಹೆಸರನ್ನು ಉಳಿಸಬೇಕಾದ ಬಾವಿಗಳ ಪಟ್ಟಿಯಿಂದ ತೆಗೆಯುವವರಿದ್ದರು.

ಬಾವಿ ಸಾಯುತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಅದನ್ನು ದಿನಾ ಒಂದೊಂದು ಮೊಳ ಕೊಂದಿದ್ದೆ.

ಆತ ಕೆಂಪು ಗೆರೆ ಹೊಡೆದ ಅಂಕಿಗಳನ್ನು ತೋರಿಸಿದ. ತಿಂಗಳಿಗೆ ಒಂದು. "ಇವು ಏನು ಯವ್ವಾ? ಎಲ್ಲಾ ದಿನ ಕೆಳಗ ಐತಿ, ತಿಂಗಳಿಗೊಮ್ಮಿ ಒಂದ ದಿನ ಮೊಳ ಮ್ಯಾಲ ಜಿಗೀತೈತಿ. ಟೇಪು ಸರಿ ಹಿಡಿದಿಲ್ಲೇನೋ ಅಂತ ನಾ ಇವನ್ನ ತಗದ ಹಾಕಿದ್ದೆ. ನಿನ್ನೆ ಮನ್ಯಾಗ ಕ್ಯಾಲೆಂಡರ ಮುಂದ ಕುಂತಿದ್ದೆ. ನಮ್ಮಾಕಿ ಚಾಂದ್ ಕಾಣೂ ದಿನಕ್ಕ ಗುರುತು ಹಾಕಿರತಾಳ. ನೋಡಿದ್ರ ಈ ತಪ್ಪು ಎಲ್ಲಾ ಚಾಂದ್ ಕಾಣೂಕಿಂತ ಒಂದೆರಡ ದಿನ ಮುಂಚೇನ ಬಂದಾವು. ಅಮಾಸಿ ದಿನ ನೀ ಏನ ತಪ್ಪ ಮಾಡ್ತಿ?"

ಒಲೆಯ ಮೇಲೆ ರೊಟ್ಟಿ ಇತ್ತು. ನಾನು ಅದನ್ನು ತಿರುವಿಹಾಕಲಿಲ್ಲ.

"ಅಮಾಸಿ ದಿನದ್ದ ಖರೇದ್ರೀ ಸಾಹೇಬ್ರ. ಉಳಿದ ದಿನದ್ದ ತಪ್ಪು" ಎಂದೆ.

ಎಲ್ಲ ಹೇಳಿದೆ. ಅಮಾಸೆಗೆ ಬಾವಿಗೆ ಸೂಟಿ, ಅವತ್ತು ಒಂದು ಕೊಡವೂ ಇಳಿಯುವುದಿಲ್ಲ, ನಾನು ಎಷ್ಟೊತ್ತಿಗೆ ಅಳೆದರೂ ನೀರು ಕೂತಿರುತ್ತದೆ. ಉಳಿದ ದಿನ ನಾನು ಅಳೆದದ್ದು ಊರೆಲ್ಲ ಸೇದಿದ ಮೇಲೆ. ಐದೂವರೆ ಎಂದು ಬರೆದದ್ದು ಸುಳ್ಳು. ಹುಲಿಗೆಮ್ಮನ ಮಾತಿಗೆ ಅಂಜಿದ್ದು ಖರೇ. ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆ ಆಯಿತು.

ಆತ ಕೆಮ್ಮಿದ. ಪುಸ್ತಕ ಹಿಡಿದುಕೊಂಡು ಅಂಗಳಕ್ಕೆ ಹೋಗಿ ನಿಂತ. ಇನ್ನು ಟೇಪು ಕೇಳುತ್ತಾನೆ, ಕೊಟ್ಟುಬಿಡಬೇಕು ಎಂದು ನಾನು ಗೂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಆತ ತಿರುಗಿದಾಗ ಮುಖದಲ್ಲಿ ಸಿಟ್ಟು ಇರಲಿಲ್ಲ. ಮೂರು ವಾರದ ಜ್ವರ ಬಿಟ್ಟವನ ಮುಖ ಇತ್ತು.

"ಅಂದ್ರ ಹೊಲಿಗಿ ಸರಿ ಐತಿ!"

"ಐತಿ."

"ನಾ ಬಿಚ್ಚಿದ್ದಕ್ಕ, ಹೊಲದದ್ದಕ್ಕ..." ಎಂದು ನಗಲು ಶುರುಮಾಡಿದ. ಕಟ್ಟೆ ಹಿಡಿದುಕೊಂಡು ನಕ್ಕ. "ಒಂದ ವರ್ಷದಾಗ ಹನ್ನೆರಡು ಖರೇ ಮಾತ ಹೇಳಿದ್ದಿ ಯವ್ವಾ. ಆ ಹನ್ನೆರಡನ್ನೂ ಹುಡುಕಿ ಹುಡುಕಿ ಕೆಂಪು ಗೆರಿ ಹೊಡದಾವ ನಾನು. ಇಬ್ಬರಾಗ ಶಾಣ್ಯಾರು ಯಾರು?"

"ಅಳೀರಿ" ಎಂದೆ.

ನಗು ಮುಗಿದ ಮೇಲೆ ಬೈದ. ಬಿಡಲಿಲ್ಲ. ಸುಳ್ಳು ಅಳತೆಗಿಂತ ಅಳತೆ ಇಲ್ಲದ್ದು ಮೇಲು ಎಂದ. ಬರೆಯದೆ ಖಾಲಿ ಬಿಟ್ಟಿದ್ದರೆ ಖಾಲಿ ಇದೆ ಎಂದು ತಿಳಿಯುತ್ತಿತ್ತು, ನೀನು ತುಂಬಿಸಿಟ್ಟಿ ಎಂದ. ಟೇಪು ಚಾಚಿದೆ. ತೆಗೆದುಕೊಳ್ಳಲಿಲ್ಲ. "ನಾಳಿ ಮುಂಜಾನಿ ಐದೂವರಿಗೆ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಹುಲಿಗೆಮ್ಮನ ಮನೆಗೆ ನಾನೇ ಹೋದೆ. ಆಕೆ ಕೇಳಿ ಸುಮ್ಮನಿರುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ, ಆಕೆಯೂ ಸುಮ್ಮನಿರಲಿಲ್ಲ.

"ನನಗಂಜಿ ಬಾವಿ ಕೊಲ್ಲಾಕ ಹೊಂಟಿದ್ದೇನು? ಎದರಿಗೆ ನಿಂತು ಬೈಯಾಕ ಬರಾಂಗಿಲ್ಲೇನು ನಿನಗ? ಇಷ್ಟ ವರ್ಷ ಬರ್ತಿತ್ತಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಮರುದಿನ ನಸುಕಿನಲ್ಲಿ ಬಾವಿಯ ಕಟ್ಟೆಗೆ ಅಡ್ಡ ನಿಂತವಳೂ ಆಕೆಯೇ. ನನ್ನ ಟೇಪು ಮೇಲೆ ಬರುವ ತನಕ ಒಂದು ಕೊಡ ಇಳಿಯಲು ಬಿಡಲಿಲ್ಲ. ಒಬ್ಬಾಕೆ ಗೊಣಗಿದ್ದಕ್ಕೆ ಆಕೆಯ ಕೊಡವನ್ನು ಎತ್ತಿ ಆಚೆಗಿಟ್ಟಳು.

ಸಭೆಯನ್ನು ಆತ ಒಂದು ತಿಂಗಳು ಮುಂದಕ್ಕೆ ಹಾಕಿಸಿದ. ಆ ತಿಂಗಳು ದಿನಾ ಖರೇ ಅಳತೆ ಬರೆದೆ. ಅಮಾಸೆಯ ದಿನದ್ದೂ ಉಳಿದ ದಿನದ್ದೂ ಒಂದೇ ಸಾಲಿನಲ್ಲಿ ನಿಂತವು. ಸಣ್ಣ ಚೌಕ ಹೇಳಿದ್ದು, ಟೇಪು ಹೇಳಿದ್ದು ಕೂಡಿದವು. ಆಗ ಆತ ಕಂಪ್ಯೂಟರಿನಲ್ಲಿ ಬೋರು ಹಾಕಿ ನೋಡಿದ. ಬಾವಿಯ ಪಕ್ಕದ ಗೈರಾಣದಲ್ಲಿ ಹಾಕಿದರೆ ನಡುಬೇಸಿಗೆಗೆ ಬಾವಿಯ ತಳ ಕಾಣುತ್ತದೆ. ಕರಿಕಲ್ಲಿನ ಸಾಲಿನ ಆಚೆ, ಕೆರೆಯ ಕೆಳಗೆ ಹಾಕಿದರೆ ಬೋರಿಗೂ ನೀರು ಸಿಗುತ್ತದೆ, ನಮ್ಮ ಬಾವಿ ಒಂದು ಗೇಣು ಇಳಿದು ನಿಲ್ಲುತ್ತದೆ. ದೊಡ್ಡ ಚೌಕದಲ್ಲಿ ಈಚೆಗೂ ಆಚೆಗೂ ಫರಕೇ ಕಾಣುತ್ತಿರಲಿಲ್ಲ.

ಸಭೆಗೆ ನನ್ನನ್ನೂ ಕರೆದುಕೊಂಡು ಹೋದ. ಐದೂರಿನ ಹಿರಿಯರು ಕೂತಿದ್ದರು. ಅವರಲ್ಲೊಬ್ಬ ಎದ್ದು, "ನಿಮ್ಮ ಬಾವಿ ಉಳೀಲಿ, ಬ್ಯಾಡನ್ನಂಗಿಲ್ಲ. ನಮ್ಮ ಮನಿ ಹೆಣಮಕ್ಕಳ ಕೊಡಕ್ಕ ಏನ್ ಹೇಳ್ತೀರಿ?" ಎಂದು ಕೇಳಿದ. ನ್ಯಾಯದ ಮಾತು. ನೀರಿನ ಸಾಹೇಬ ಸಾಲಿನ ಆಚೆಯ ಜಾಗ ತೋರಿಸಿದ. ಪೈಪು ಉದ್ದ ಬೇಕು, ಆರು ತಿಂಗಳು ತಡ ಆಗುತ್ತದೆ, ನೀರು ಮಾತ್ರ ನಿಲ್ಲುತ್ತದೆ ಎಂದ. ದೊಡ್ಡ ಸಾಹೇಬರು, ಮೊದಲಿನ ಅಳತೆ ಯಾಕೆ ತಪ್ಪಿತು ಎಂದು ಕೇಳಿದರು.

"ಸರಿ ಇದ್ದ ಅಳತಿ ನಾನ ತಗದ ಹಾಕಿದ್ದೆ ಸರ್" ಎಂದ. ನನ್ನ ಮಾತು ಎತ್ತಲೇ ಇಲ್ಲ.

ನಾನು ಎದ್ದು ನಿಂತೆ. "ಹೊತ್ತು ಸುಳ್ಳ ಬರದಾಕಿ ನಾನ್ರೀ. ಅವರಲ್ಲ."

ಹೊರಗೆ ಬಂದ ಮೇಲೆ ಆತನಿಗೆ ಸಿಟ್ಟು. "ನಿನ್ನ ಯಾರ ಕೇಳಿದ್ರು ಯವ್ವಾ?"

"ನಿಮ್ಮನ್ನ ಯಾರ ಕೇಳಿದ್ರು, ನನ್ನ ತಪ್ಪು ಹೊತಗೊಳ್ಳಾಕ?"

ಮಸ್ಕಿಯ ತನಕ ಬಸ್ಸಿನಲ್ಲಿ ಆತನೇ ಬಿಡಲು ಬಂದ. ಇಳಿಯುವಾಗ ಒಂದು ಕಿಲೋ ಬಾಳೆಹಣ್ಣು ತೆಗೆದು ನನ್ನ ಚೀಲಕ್ಕೆ ಹಾಕಿದ. ಹಸಿವಾಗಿತ್ತು, ಬೇಡ ಅನ್ನಲಿಲ್ಲ.

ಬೋರು ಸಾಲಿನ ಆಚೆ ಬಿದ್ದವು. ಐದೂರಿಗೆ ನಳ ಬಂತು. ಅಷ್ಟರಲ್ಲಿ ಆತ ನಿವೃತ್ತಿಯಾಗಿ ಮುದಗಲ್ಲಿಗೆ ಹೋಗಿದ್ದ. ಹೋಗುವಾಗ ಕೆಂಪು ಚುಕ್ಕೆಗೆ ಇನ್ನೊಮ್ಮೆ ಬಣ್ಣ ಹಚ್ಚಿ, "ಬೋರು ಹತ್ತಿದ ಮ್ಯಾಲ ಮೊದಲ ಬ್ಯಾಸಿಗಿ ದಾಟಬೇಕು. ಅಲ್ಲೀತನಕ ನಾ ಹೇಳಿದ್ದು ಬರೇ ಚೌಕದ ಮಾತು" ಎಂದಿದ್ದ.

ಆ ಬೇಸಿಗೆ ಈ ವರ್ಷ ದಾಟಿತು. ಆತನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಗೊತ್ತಾಗಿ, ಮೊದಲ ಮಳೆ ಬಿದ್ದ ಮರುದಿನ ಪುಸ್ತಕ ಕಟ್ಟಿಕೊಂಡು ಹೊರಟೆ. ಮಸ್ಕಿಯಿಂದ ಲಿಂಗಸುಗೂರು, ಅಲ್ಲಿಂದ ಮುದಗಲ್. ಕೋಟೆಯ ಹತ್ತಿರದ ಓಣಿ. ಆತನ ಹೆಂಡತಿ ಬಾಗಿಲು ತೆಗೆದು, ಹೆಚ್ಚು ಮಾತಾಡಿಸಬೇಡಿ ಎಂದರು. ಗೋಡೆಗೆ ಚಂದ್ರನ ಗುರುತಿನ ಕ್ಯಾಲೆಂಡರ್ ಇತ್ತು. ಆತ ಮಂಚದ ಮೇಲೆ ಸೊರಗಿ ಮಲಗಿದ್ದ, ಮೊದಲೇ ಸಣ್ಣ ಆಳು. ಹೇಗಿದ್ದೀಯ ಎಂದು ನಾನೂ ಕೇಳಲಿಲ್ಲ, ಆತನೂ ಕೇಳಲಿಲ್ಲ.

"ಅಳದಿಯೇನು?"

"ಅಳದೀನಿ. ಒಂದ ಗೇಣು ಇಳೀತೈತಿ ಅಂದಿದ್ರಿ. ಗೇಣಿಗೆ ಎರಡ ಬೆರಳು ಕಡಿಮಿ ಇಳದೈತಿ. ಅಲ್ಲೇ ನಿಂತೈತಿ."

ಆತ ಕಣ್ಣು ಮುಚ್ಚಿದ. ನಿದ್ದೆ ಹೋದ ಎಂದುಕೊಂಡೆ. ಆಮೇಲೆ ತುಟಿ ಅಲ್ಲಾಡಿತು.

"ಅಮಾಸಿ ದಿನದ್ದೋ, ಉಳಿದ ದಿನದ್ದೋ?"

"ಎಲ್ಲಾ ದಿನದ್ದೂ. ಮೊದಲ ಕೊಡಕ್ಕಿಂತ ಮೊದಲು."

ಆತ ನಕ್ಕ, ಕೆಮ್ಮು ಬಂತು, ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದರು. ಪುಸ್ತಕ ಬಿಡಿಸಿ ಎದೆಯ ಮೇಲೆ ಇಟ್ಟೆ. ಓದಲು ಆಗುತ್ತಿರಲಿಲ್ಲ. ಬೆರಳಿನಿಂದ ಅಂಕಿಯ ಸಾಲನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರಿದ, ಕೌದಿಯ ಹೊಲಿಗೆ ಸವರಿದ ಹಾಗೆ. ಎಲ್ಲಿಯೂ ಜಿಗಿತ ಇಲ್ಲ ಎಂದು ಬೆರಳಿಗೆ ಗೊತ್ತಾಯಿತೋ ಏನೋ, ಪುಸ್ತಕ ಮುಚ್ಚಿ ನನಗೆ ಕೊಟ್ಟ.

ಪುಸ್ತಕದ ಸುಳ್ಳು ಒಪ್ಪಿಕೊಂಡದ್ದು ಮೊದಲನೆಯದು, ಬಾವಿ ನಿಂತಿದೆ ಎನ್ನುವುದು ನಾನು ಹೇಳಬೇಕಾದ ಎರಡನೆಯ ಮಾತು.

ಮಸ್ಕಿಯಿಂದ ಸುದ್ದಿ ತಂದ ಸಂಜೆ ಹುಲಿಗೆಮ್ಮನಿಗೆ ಹೇಳಿದೆ. ಛೇ, ಒಳ್ಳೇ ಮನಿಷ್ಯಾ ಎಂದಳು. ನಾಳೆ ಒಂದು ದಿನ ಆತನ ಹೆಸರಿನಲ್ಲಿ ಬಾವಿಗೆ ಸೂಟಿ ಕೊಡೋಣವೇ ಎಂದು ಓಣಿಯಲ್ಲಿ ಯಾರೋ ಕೇಳಿದರು. ಬೇಡ ಎಂದೆ. ಕೊಡಬೇಕಾದ ಸೂಟಿ ತಿಂಗಳಿಗೊಂದು ಇದ್ದೇ ಇದೆ. ನಡುವೆ ಇನ್ನೊಂದು ಕೊಟ್ಟರೆ ಪುಸ್ತಕದಲ್ಲಿ ಅದಕ್ಕೆ ಏನು ಬರೆಯುವುದು?

ಮರುದಿನ ನಸುಕಿಗೆ ಟೇಪಿಗೆ ಖಡು ಉಜ್ಜಿ ಇಳಿಸಿದೆ. ಎಳೆದು, ತೋಯ್ದ ಗುರುತು ನೋಡಿ, ಕಳೆದು ಬರೆದೆ. ಹೊತ್ತು ಐದೂವರೆ. ಹಿಂದೆ ಹುಲಿಗೆಮ್ಮ ಕೊಡ ಸೊಂಟಕ್ಕಿಟ್ಟು ನಿಂತಿದ್ದಳು, ಅವಳ ಹಿಂದೆ ಉಳಿದವರು.

"ಅಳದಿಯೇನ?" ಎಂದಳು.

"ಅಳದೆ. ಇಳಸು ಕೊಡ."